ಫೌಸ್ಟಿನ್ ಮಾಮನ ಆರನೆಯ ಮೆಡಲು

ನಮ್ಮ ಫೌಸ್ಟಿನ್ ಮಾಮ ದಂಡಿಗೆ ಸೇರಿದ್ದು ಹಂದಿಮರಿಗಳ ದೆಸೆಯಿಂದ. ರಾಜಭಕ್ತಿ, ದೇಶಸೇವೆ, ಸಾಹಸದ ಆಸೆ ಎಂದೆಲ್ಲ ಯಾರಾದರೂ ಹೇಳಿದರೆ ನಂಬಬೇಡಿ. ಕಾರ್ಕಳದ ಸಂತೆಯಲ್ಲಿ ಮಾರಿಕೊಂಡು ಬಾ ಎಂದು ಆಂಜೆಲಾ ಅಜ್ಜಿ ಮರಿಗಳನ್ನು ಬುಟ್ಟಿಯಲ್ಲಿ ಕಟ್ಟಿ ಬೆಳ್ಮಣ್ಣಿನಿಂದ ಕಳಿಸಿದ್ದರು. ಅರ್ಧ ದಾರಿಯಲ್ಲಿ ಕಟ್ಟು ಸಡಿಲಾಯಿತು, ಮರಿಗಳು ಗುಡ್ಡ ಹತ್ತಿದವು. ಅಜ್ಜಿಯ ಬಾಯಿ ಎಂಥದ್ದೆಂದು ಊರಿಗೇ ಗೊತ್ತಿತ್ತು, ಹೆತ್ತ ಮಗನಿಗೆ ಗೊತ್ತಿರುವುದಿಲ್ಲವೇ? ಹದಿನೆಂಟರ ಫೌಸ್ಟಿನ್ ಮನೆ ಕಡೆ ಮುಖ ಹಾಕಲೇ ಇಲ್ಲ. ಎಷ್ಟೋ ದಿನಗಳ ಮೇಲೆ ಬೆಂಗಳೂರಿನಿಂದ ಒಂದು ಕಾರ್ಡು ಬಂತು: ಮದ್ರಾಸ್ ಸ್ಯಾಪರ್ಸ್ ಎಂಬ ಪಡೆಗೆ ಸೇರಿದ್ದೇನೆ, ಊಟ ಚೆನ್ನಾಗಿದೆ, ಚಿಂತೆ ಬೇಡ. ಮೊದಲ ರಜೆಯಲ್ಲಿ ಬೂಟು ಹಾಕಿಕೊಂಡು, ಮೀಸೆ ತಿರುವಿಕೊಂಡು ಅಂಗಳಕ್ಕೆ ಬಂದ ಮಗನನ್ನು ಅಜ್ಜಿ ಅಪ್ಪಿಕೊಂಡು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು: “ಮರಿಗಳು ಎಂತ ಆದವು?”

ಇದನ್ನೆಲ್ಲ ನನಗೆ ಹೇಳಿದವರು ನನ್ನ ಅಮ್ಮ ಜೆರ್ಟ್ರೂಡ್, ಮಾಮನ ತಂಗಿ. ಮುಂದಿನ ಕಥೆಯಲ್ಲಿ ಅರ್ಧ ಅಮ್ಮನದು, ಅರ್ಧ ತೆರೆಸಾ ಮಾಮಿಯದು. ಅತ್ತಿಗೆ ನಾದಿನಿ ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದದೆ ಬಿಟ್ಟವರಲ್ಲ. ಆದ್ದರಿಂದ ಇದರಲ್ಲಿ ಉಪ್ಪುಖಾರ ಹಚ್ಚಿದ್ದು ಇದ್ದರೂ ಬಹಳ ಕಡಿಮೆ. ನಾನಂತೂ ಆಗ ತೊಟ್ಟಿಲಲ್ಲಿದ್ದೆ.

ಸ್ಯಾಪರ್ ಅಂದರೆ ದಂಡಿನ ಮುಂದೆ ಹೋಗಿ ದಾರಿ ಮಾಡಿಕೊಡುವವ. ಹೊಳೆ ಇದ್ದರೆ ಸೇತುವೆ ಕಟ್ಟಬೇಕು, ಶತ್ರು ನೆಲದಲ್ಲಿ ಸಿಡಿಗುಂಡು ಹೂತಿದ್ದರೆ ತೆಗೆಯಬೇಕು. ಬಂದೂಕಿನವರು ಬರುವುದು ಆಮೇಲೆ. ಮಾಮ ಈ ಕೆಲಸವನ್ನು ಮೊದಲು ವಾಯವ್ಯ ಗಡಿಯ ಕಲ್ಲುಗುಡ್ಡಗಳಲ್ಲಿ ಮಾಡಿದರು. ದೊಡ್ಡ ಯುದ್ಧ ಶುರುವಾದ ಮೇಲೆ ಆಫ್ರಿಕಾದ ಮರಳಿನಲ್ಲಿ ಮಾಡಿದರು, ಕೊನೆಗೆ ಇಟಲಿಯ ಕೆಸರಿನಲ್ಲಿ. ಸ್ವಾತಂತ್ರ್ಯ ಬಂದ ಮೇಲೂ ಬಿಡಲಿಲ್ಲ. ಟೊಪ್ಪಿಯ ಮೇಲಿನ ಕಿರೀಟ ಹೋಗಿ ಸಿಂಹಗಳು ಬಂದವು, ಕೆಳಗಿನ ತಲೆ ಮಾತ್ರ ಅದೇ ಇತ್ತು. ೧೯೫೪ರಲ್ಲಿ ಹವಾಲ್ದಾರ್ ಫೌಸ್ಟಿನ್ ಕಸ್ತೆಲಿನೊ ಎಂದು ಪೆನ್ಶನ್ ಪಡೆದು, ಒಂದು ಕಪ್ಪು ತಗಡಿನ ಪೆಟ್ಟಿಗೆಯೊಂದಿಗೆ ಬೆಳ್ಮಣ್ಣಿನಲ್ಲಿ ಬಸ್ಸಿಳಿದರು. ಆಗಲೂ ಮದುವೆ ಆಗಿರಲಿಲ್ಲ. ಗಡಿಯಲ್ಲಿದ್ದಾಗ ಬೇಗ ಎಂದು ಆಗಲಿಲ್ಲ, ಇಟಲಿಯಿಂದ ಬಂದ ಮೇಲೆ ತಡವಾಯಿತೆಂದು ಆಗಲಿಲ್ಲ.

ಪೆಟ್ಟಿಗೆ ಬಿಚ್ಚಿ ನೋಡಿದ ಅಜ್ಜಿಗೆ ಭಾರೀ ನಿರಾಶೆ. ದೇಶ ದೇಶ ಸುತ್ತಿದ ಮಗ ಚಿನ್ನ ತರದಿದ್ದರೆ ಹೋಗಲಿ, ಗೋಡೆಗೆ ಒಂದು ಗಡಿಯಾರವಾದರೂ ಬೇಡವೇ? ಇದ್ದದ್ದು ಕೂದಲು ಉದುರಿದ ಒಂದು ಗಡ್ಡದ ಬ್ರಷ್ಷು. ಮರುಭೂಮಿಯಲ್ಲಿ ಸಿಡಿಗುಂಡಿನ ಮೇಲಿನ ಮರಳನ್ನು ಅದೇ ಬ್ರಷ್ಷಿನಿಂದ ಮೆತ್ತಗೆ ಗುಡಿಸುತ್ತಿದ್ದೆ ಎಂದು ಮಾಮ ಹೇಳಹೊರಟರೆ ಅಜ್ಜಿ, “ಅದರಲ್ಲೇ ಮುಖಕ್ಕೂ ತಿಕ್ಕುವುದಾ? ಛೀ!” ಎಂದು ಒಳಗೆ ಹೋದರು. ಹದ್ದಿನ ಗುರುತಿದ್ದ ಜರ್ಮನ್ ಚಮಚವೊಂದಿತ್ತು, ಅದು ಉಪ್ಪಿನಕಾಯಿಯ ಭರಣಿಗೆ ಹೋಯಿತು. ಗುಂಡಿನ ಚೂರು ತಾಗಿ ತೂತಾದ ಎನಾಮಲ್ ಮಗ್ಗೊಂದಿತ್ತು. ಆ ಚೂರು ಮಗ್ಗನ್ನು ಬಿಟ್ಟು ನಾಲ್ಕು ಬೆರಳು ಆಚೆ ಹೋಗಿದ್ದರೆ ನಮಗೆ ಮಾಮ ಇರುತ್ತಿರಲಿಲ್ಲ. ಅಜ್ಜಿ ಅದಕ್ಕೆ ಮಣ್ಣು ತುಂಬಿಸಿ ಸಾಂಬ್ರಾಣಿ ಗಿಡ ನೆಟ್ಟರು. ತೂತು ಇದ್ದದ್ದು ಒಳ್ಳೆಯದೇ ಆಯಿತು, ಬುಡದಲ್ಲಿ ನೀರು ನಿಲ್ಲುವುದಿಲ್ಲ ಅಂದರು.

ಮೆಡಲುಗಳ ಕಥೆ ಮಾತ್ರ ಬೇರೆ. ಅದು ಮಾಮ ಊರಿಗೆ ಬರುವ ಎಷ್ಟೋ ಮೊದಲೇ ಕೈಮೀರಿ ಹೋಗಿತ್ತು.

ಮಾಮನಿಗೆ ಒಟ್ಟು ಆರು ಮೆಡಲು. ಗಡಿಯದ್ದು ಒಂದು, ಸ್ವಾತಂತ್ರ್ಯದ್ದು ಒಂದು ಅವರ ಬಳಿಯೇ ಇದ್ದವು. ದೊಡ್ಡ ಯುದ್ಧದ ನಾಲ್ಕನ್ನು ಕೊಡಬೇಕೆಂದು ಸರ್ಕಾರಕ್ಕೆ ನೆನಪಾದದ್ದು ಯುದ್ಧ ಮುಗಿದು ವರ್ಷಗಳಾದ ಮೇಲೆ. ೧೯೫೦ರ ಡಿಸೆಂಬರಿನಲ್ಲಿ, ಮಾಮ ಇನ್ನೂ ಬೆಂಗಳೂರಿನಲ್ಲಿದ್ದಾಗ, ಅವು ಒಂದು ಸಣ್ಣ ಡಬ್ಬಿಯಲ್ಲಿ ಮನೆಯ ವಿಳಾಸಕ್ಕೆ ಅಂಚೆಯಲ್ಲಿ ಬಂದವು. ಮೂರು ನಕ್ಷತ್ರಗಳು, ಒಂದು ದುಂಡಗಿನ ಬಿಳಿ ಬಿಲ್ಲೆ. ಕ್ರಿಸ್ಮಸ್ ಹತ್ತಿರ ಬಂದಿತ್ತು. ನಕ್ಷತ್ರ ಏತಕ್ಕೆಂದು ಅಜ್ಜಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಲಯೇಸುವಿನ ಗೋದಲಿಯ ಮೇಲೆ ಮೂರನ್ನೂ ಸಾಲಾಗಿ ಕಟ್ಟಿದರು. ಆ ವರ್ಷ ನಮ್ಮ ಗೋದಲಿಯಷ್ಟು ಚಂದದ್ದು ಊರಲ್ಲಿ ಇರಲಿಲ್ಲವಂತೆ.

ಉಳಿದದ್ದು ದುಂಡಗಿನದು. ಕೊಂಕಣಿ ಕ್ರಿಸ್ತುವರ ಮನೆಗಳಲ್ಲಿ ಆಗ ಮೆಡಲ್ ಅಂದರೆ ಒಂದೇ ಅರ್ಥ: ಕೊರಳಲ್ಲಿ ಹಾಕಿಕೊಳ್ಳುವ ಸಂತರ ಬಿಲ್ಲೆ. ಮೇರಿಮಾತೆಯದು, ಸಂತ ಅಂತೋನಿಯವರದು, ಹೀಗೆ. ರಾಜನೊಬ್ಬ ತನ್ನ ಮುಖವನ್ನೇ ಅಚ್ಚೊತ್ತಿ ಸಿಪಾಯಿಗಳಿಗೆ ಹಂಚುತ್ತಾನೆ ಎಂಬುದು ಅಜ್ಜಿಯ ತಲೆಗೆ ಹೊಳೆಯುವ ಸಂಗತಿಯೇ ಅಲ್ಲ. ಯಾವ ಸಂತ ಎಂದು ತಿಳಿಯಲು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಜೋಕಿಮಜ್ಜನ ಹತ್ತಿರ ಹೋದರು. ಜೋಕಿಮಜ್ಜ ಇಗರ್ಜಿಯ ಮಿರ್ನಾಲ್. ಗಂಟೆ ಹೊಡೆದು, ದೀಪ ಹಚ್ಚಿ, ಪಾದ್ರಿಗಳ ಬಲಗೈ ಆಗಿದ್ದವರು. ಪೂಜೆಯ ಪುಸ್ತಕ ಎತ್ತಿಕೊಟ್ಟು ಎತ್ತಿಕೊಟ್ಟು ಲ್ಯಾಟಿನ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಬಿಲ್ಲೆಯನ್ನು ಬೆಳಕಿಗೆ ಹಿಡಿದು ಓದಿದರು: “ಜಾರ್ಜಿಯುಸ್... ರೆಕ್ಸ್.” ಲ್ಯಾಟಿನ್! ದೇವರ ಭಾಷೆ! ಮತ್ತೆ ಮಗುಚಿ ನೋಡಿದರೆ ಹಿಂದುಗಡೆ ಎರಡು ತಲೆಯ ಘಟಸರ್ಪ, ಅದರ ಮೇಲೆ ಕಾಲಿಟ್ಟು ನಿಂತ ಸಿಂಹ. ಘಟಸರ್ಪವನ್ನು ಕೊಂದ ಸಂತ ಜಾರ್ಜರ ಕಥೆ ಇಗರ್ಜಿಗೆ ಹೋಗುವ ಮಕ್ಕಳಿಗೂ ಗೊತ್ತು. ಇನ್ನು ಸಂಶಯವೆಲ್ಲಿ?

“ಸಂತ ಜಾರ್ಜ್ ಇರುವುದು ಕುದುರೆ ಮೇಲಲ್ವಾ? ಕುದುರೆ ಎಲ್ಲುಂಟು?” ಎಂದು ನನ್ನ ಅಮ್ಮ ಕೇಳಿದ್ದರು.

“ಸಿಂಹ ಇರುವಲ್ಲಿಗೆ ಕುದುರೆ ಬರುತ್ತದಾ ಧುವೆ? ಹೊರಗೆ ಕಟ್ಟಿ ಬಂದಿದ್ದಾರೆ,” ಅಂದರಂತೆ ಜೋಕಿಮಜ್ಜ.

ಅಮ್ಮ ಅಷ್ಟಕ್ಕೆ ಬಿಡುವವರಲ್ಲ. ಹಳೆಯ ರೂಪಾಯಿಯೊಂದನ್ನು ತಂದು ಪಕ್ಕದಲ್ಲಿಟ್ಟರು. ಅದೇ ಕಿರೀಟ, ಅದೇ ಮೂಗು. ಅಜ್ಜಿ ಎರಡನ್ನೂ ನೋಡಿ ತೀರ್ಪು ಕೊಟ್ಟರು: “ರಾಜನಿಗೆ ಸಂತನ ಹೆಸರಿಟ್ಟಿದ್ದಾರೆ. ಹೆಸರಿಟ್ಟ ಮೇಲೆ ಮುಖವೂ ಬರುತ್ತದೆ. ನಿನ್ನ ದೊಡ್ಡಪ್ಪನ ಹೆಸರು ಪಡೆದವನಿಗೆ ದೊಡ್ಡಪ್ಪನ ಕಿವಿ ಬಂದಿಲ್ವಾ?” ಮಗ ರೋಮಿನಲ್ಲಿದ್ದವನು, ಪೋಪ್ ಸ್ವಾಮಿಯವರ ಊರಿನಿಂದ ಬಂದ ವಸ್ತು ಇದು ಎಂಬ ಮಾತೂ ಹೇಗೋ ಸೇರಿಕೊಂಡಿತು. ಮಾಮ ರೋಮನ್ನು ನೋಡಿದ್ದು ನಿಜ. ಲಾರಿಯ ಹಿಂಬದಿಯಿಂದ, ಕಣ್ಣಿಗೆ ಧೂಳು ಹೋಗಿದ್ದಾಗ.

ಆಮೇಲೆ ನಡೆದದ್ದಕ್ಕೆ ಯಾರನ್ನು ದೂರುವುದು? ಆಚೆ ಮನೆಯ ಸುಗಂಧಿ ಹೆರಿಗೆ ನೋವಿನಲ್ಲಿ ಒದ್ದಾಡುತ್ತಿದ್ದಾಗ ಅಜ್ಜಿ ಓಡಿಹೋಗಿ ಬಿಲ್ಲೆಯನ್ನು ಹೊಟ್ಟೆಯ ಮೇಲಿಟ್ಟರು. ಇಟ್ಟ ಗಳಿಗೆಯಲ್ಲೇ ಮಗು ಅತ್ತಿತು. ಮಗು ಆಗಲೇ ಅರ್ಧ ಹೊರಗಿತ್ತು ಎನ್ನುತ್ತಾರೆ ನನ್ನ ಅಮ್ಮ, ಆದರೆ ಅವರ ಮಾತನ್ನು ಯಾರು ಕೇಳುತ್ತಾರೆ? ಸುಗಂಧಿಯ ಅಕ್ಕ ಕಾಪುವಿನಲ್ಲಿ ಹೇಳಿದಳು, ಕಾಪುವಿನವರು ಕಡಲ ಬದಿಗೆಲ್ಲ ಹೇಳಿದರು. ಅತ್ತೂರಿನ ಇಗರ್ಜಿಗೆ ಹರಕೆ ಹೊರುವಾಗ ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ಅಜ್ಜಿಯ ಜಾರ್ಜನ ಜಾತಿಯನ್ನೂ ಯಾರೂ ಕೇಳಲಿಲ್ಲ. ಬಂಟರು ಒಯ್ದರು, ಬಿಲ್ಲವರು ಒಯ್ದರು, ಮೊಗವೀರರು ಒಯ್ದರು, ಮುಸಲ್ಮಾನ ಬ್ಯಾರಿಗಳೂ ಒಯ್ದರು. ವಾಪಸ್ ತರುವಾಗ ಒಂದು ಸೀಸೆ ಎಣ್ಣೆ, ಒಂದು ಗೊನೆ ಬಾಳೆಹಣ್ಣು. ಬಾಯಿ ಜೋರಿನ ಆಂಜೆಲಾ ಎಂದು ದೂರ ನಿಲ್ಲುತ್ತಿದ್ದ ಊರು ಈಗ ಗೌರವದಿಂದ “ಬಾಯಮ್ಮ, ಬಾಯಮ್ಮ” ಎಂದು ಅಂಗಳಕ್ಕೆ ಬರತೊಡಗಿತು.

ಮಾಮ ಪೆನ್ಶನ್ ಆಗಿ ಬಂದಾಗ ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ಬಿಡಿಸಿ ಹೇಳಲು ಹೋದರು: “ಮಾಯ್, ಅದು ಇಂಗ್ಲಿಷ್ ರಾಜ. ಆರನೇ ಜಾರ್ಜ್. ಅದು ನನಗೆ ಕೊಟ್ಟದ್ದು, ಯುದ್ಧಕ್ಕೆ.”

“ನೀನು ಆದಿತ್ಯವಾರ ಪೂಜೆಗೆ ನೆಟ್ಟಗೆ ಬಾರದವ, ನಿನಗೆ ಸಂತರ ಮುಖ ಹೇಗೆ ಗುರುತು ಸಿಗಬೇಕು ಪುತಾ?” ಅಂದರು ಅಜ್ಜಿ.

ನಗು ಎಷ್ಟು ದಿನ ಬರುತ್ತದೆ? ಜನ ಬರುತ್ತಿದ್ದರು, ಮೆಡಲನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು, ಪಕ್ಕದ ಬೆಂಚಿನಲ್ಲಿ ಕುಳಿತ ಮಾಮನನ್ನು ಸ್ವಲ್ಪ ಸರಿಯಲು ಹೇಳುತ್ತಿದ್ದರು. ಮೆಡಲು ಯಾರದ್ದೋ ಅವನನ್ನೇ! ಕಾಲು ಶತಮಾನ ದಂಡಿನಲ್ಲಿದ್ದು ಬಂದವನನ್ನು ಊರು ಕೇಳಿದ್ದು ಎರಡೇ ಪ್ರಶ್ನೆ: ಪೆನ್ಶನ್ ಎಷ್ಟು, ಪೋಪ್ ಸ್ವಾಮಿಯವರನ್ನು ನೋಡಿದ್ದೀರಾ. ಇದು ಎಂತಕ್ಕೆ ಸಿಕ್ಕಿದ್ದು ಎಂದು ಒಬ್ಬರೂ ಕೇಳಲಿಲ್ಲ. ಯಾರಾದರೂ ಕೇಳಿದರೆ ಹೇಳಬೇಕೆಂದು ಮಾಮನ ಹತ್ತಿರ ಉತ್ತರ ತಯಾರಿತ್ತು. ಬೆಳಿಗ್ಗೆ ಗಡ್ಡ ಮಾಡುವಾಗ ಕನ್ನಡಿಗೆ ಹೇಳುತ್ತಿದ್ದರಂತೆ: ಮರಳುಗಾಡು, ಸಿಡಿಗುಂಡು, ಶೆಲ್ಲು ಬೀಳುತ್ತಿದ್ದಾಗ ಇಟಲಿಯ ಹೊಳೆಗೆ ಕಟ್ಟಿದ ಸೇತುವೆ, ಜೊತೆಗಿದ್ದು ತಿರುಗಿ ಬಾರದವರ ಹೆಸರುಗಳು. ಅಮ್ಮ ಬಾಗಿಲ ಹಿಂದಿನಿಂದ ಕೇಳಿಸಿಕೊಂಡಿದ್ದರು. “ಆಗಲಾದರೂ ನಾನು ಒಳಗೆ ಹೋಗಿ ಕೇಳಬಹುದಿತ್ತು, ಆದರೆ ಅಣ್ಣನಿಗೆ ನಾಚಿಕೆ ಆದೀತೆಂದು ಸುಮ್ಮನಾದೆ,” ಎಂದು ಈಗಲೂ ಹೇಳುತ್ತಾರೆ. ಮಾಮನಿಗೆ ಬೇಕಾಗಿದ್ದದ್ದು ಇಷ್ಟೇ: ಆ ಮೆಡಲನ್ನು ಒಮ್ಮೆ ಎದೆಯ ಮೇಲೆ ಸಿಕ್ಕಿಸಿಕೊಂಡು ನಿಲ್ಲಬೇಕು, ಅದು ತನ್ನದೆಂದು ನೋಡಿದ ಒಬ್ಬನಿಗಾದರೂ ಗೊತ್ತಾಗಬೇಕು. ದುರಾಸೆ ಎಂದು ನನಗಂತೂ ಅನಿಸುವುದಿಲ್ಲ.

ಅದಕ್ಕೆ ಅವಕಾಶ ಬಂದದ್ದು ೧೯೫೬ರ ಡಿಸೆಂಬರಿನಲ್ಲಿ. ಉಡುಪಿಯಲ್ಲಿ ಮಾಜಿ ಸೈನಿಕರ ಕೂಟ, ಎಲ್ಲ ಮೆಡಲು ಧರಿಸಿ ಬರಬೇಕು. ಮುಖ್ಯ ಅತಿಥಿ ಒಬ್ಬ ಕರ್ನಲ್ಲು. ಇಟಲಿಯಲ್ಲಿ ಮಾಮನ ಕಂಪೆನಿಯಲ್ಲೇ ಸಣ್ಣ ಆಫೀಸರಾಗಿದ್ದವರು. ಅವರ ಮುಂದೆ ಆರೂ ಮೆಡಲು ಸಾಲಾಗಿ ಇರಬೇಕೆಂದು ಮಾಮ ಹಟ ಹಿಡಿದರು. ಗೋದಲಿಗೆ ಕಟ್ಟುವ ಮೊದಲೇ ನಕ್ಷತ್ರಗಳನ್ನು ವಶಪಡಿಸಿಕೊಂಡು ಬ್ರಾಸ್ಸೋ ಪಾಲಿಶ್ ಹಾಕಿ ತಿಕ್ಕಿದರು. ದುಂಡಗಿನದು ಮನೆಯಲ್ಲಿರಲಿಲ್ಲ.

“ಎಲ್ಲುಂಟು ಮಾಯ್?”

“ಕಾಪುವಿನವರು ಒಯ್ದಿದ್ದಾರೆ. ಶುಕ್ರವಾರಕ್ಕೆ ಬರುತ್ತದೆ.”

ಶುಕ್ರವಾರ ಬರಲಿಲ್ಲ. ಕಾಪುವಿನವರು ಅದನ್ನು ಅಲ್ಲಿಂದಲೇ ಹೆಜಮಾಡಿಗೆ ದಾಟಿಸಿದ್ದರು. ಶೇಕಬ್ಬ ಎಂಬ ಮೀನಿನ ವ್ಯಾಪಾರಿಯ ಮಗಳು ಆಸ್ಯಾಳಿಗೆ ಚೊಚ್ಚಲ ಹೆರಿಗೆ. ಗಂಡ ಮುಂಬಯಿಯಲ್ಲಿ ಹಡಗಿನ ಕೆಲಸದಲ್ಲಿದ್ದ, ಅವಳು ತವರಿನಲ್ಲಿದ್ದಳು. ಕೂಟ ಶನಿವಾರ ಮಧ್ಯಾಹ್ನ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ಹೆಜಮಾಡಿಯಲ್ಲಿ ಮೆಡಲು ಪಡೆದು, ಅಲ್ಲಿಂದ ನೇರ ಉಡುಪಿಗೆ ಹೋಗುವುದು ಎಂದು ಮಾಮ ಯೋಜನೆ ಹಾಕಿದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾಕಿ, ಮುಖ ಕಾಣುವಂತೆ ತಿಕ್ಕಿದ ಬೂಟು, ಎದೆಯ ಮೇಲೆ ಐದು ಮೆಡಲು, ಐದರ ನಡುವೆ ಒಂದಕ್ಕೆ ಜಾಗ. ಸೀಟಿನಲ್ಲಿ ಕುಳಿತರೆ ಇಸ್ತ್ರಿ ಮಡಿಕೆ ಹಾಳಾಗುತ್ತದೆಂದು ಪಡುಬಿದ್ರಿಯವರೆಗೂ ನಿಂತೇ ಹೋದರಂತೆ.

ಹೆಜಮಾಡಿಯಲ್ಲಿ ಶೇಕಬ್ಬರ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಎದುರಾದದ್ದು ಶೇಕಬ್ಬರಲ್ಲ, ಬಿಳಿ ಸೀರೆ ಉಟ್ಟ ಒಬ್ಬ ಹೆಂಗಸು. ಸರ್ಕಾರಿ ನರ್ಸು ತೆರೆಸಾ. ಮೂವತ್ತೈದು ದಾಟಿದ್ದವರು, ಮಂಗಳೂರಿನಲ್ಲಿ ತರಬೇತಿ ಪಡೆದವರು, ಆ ಸೀಮೆಯ ಹೆರಿಗೆಗಳಿಗೆಲ್ಲ ಸೈಕಲ್ಲಿನಲ್ಲಿ ಹೋಗುತ್ತಿದ್ದವರು. ಮಾಮನನ್ನು ತಲೆಯಿಂದ ಬೂಟಿನವರೆಗೆ ನೋಡಿ ಕೇಳಿದರು: “ನೀವೇ ಅಲ್ವಾ ಬೆಳ್ಮಣ್ಣಿನ ಸಂತ ಜಾರ್ಜಿನ ಯಜಮಾನರು?”

“ಅದು ಸಂತ ಅಲ್ಲ ನರ್ಸಮ್ಮ, ಅದು...”

“ನನಗೆ ಗೊತ್ತುಂಟು ಅದು ಯಾರೆಂದು. ನಾನು ರೂಪಾಯಿ ನೋಡಿದವಳೇ. ಒಳಗೆ ಆ ಹುಡುಗಿಯ ಹೊಟ್ಟೆಯಲ್ಲಿ ಮಗು ಅಡ್ಡ ಮಲಗಿದೆ ಹವಾಲ್ದಾರರೇ. ಇಲ್ಲಿ ಆಗುವ ಕೆಲಸ ಅಲ್ಲ, ಉಡುಪಿಯ ಆಸ್ಪತ್ರೆಗೆ ಒಯ್ಯದಿದ್ದರೆ ಇಬ್ಬರೂ ಉಳಿಯುವುದಿಲ್ಲ. ಅವಳ ಅಪ್ಪ ಲಾರಿ ತಂದು ನಿಲ್ಲಿಸಿದ್ದಾರೆ. ಅವಳ ಉಮ್ಮ ಬಿಡುವುದಿಲ್ಲ. ಮೆಡಲ್ ಉಂಟಲ್ಲ, ಮೆಡಲ್ ಇಟ್ಟಲ್ಲಿ ಯಾರೂ ಸತ್ತದ್ದಿಲ್ಲ ಅಂತಾರೆ. ಇದು ನಿಮ್ಮ ಮನೆಯಿಂದ ಬಂದ ರೋಗ. ನೀವೇ ಬಿಡಿಸಿ.”

ಶೇಕಬ್ಬರು ಲಾರಿಯ ಪಕ್ಕದಲ್ಲಿ ನಿಂತಿದ್ದರು. ಬಂದರಿನಲ್ಲಿ ಅವರ ಒಂದು ಕೂಗಿಗೆ ದೋಣಿಗಳು ನಿಲ್ಲುತ್ತಿದ್ದವಂತೆ. ಈಗ ತಮ್ಮದೇ ಮನೆಯ ಹೊಸಿಲು ದಾಟಲಾರದೆ ಬೀಡಿಯ ಮೇಲೆ ಬೀಡಿ ಸೇದುತ್ತಿದ್ದರು. ಹೆರಿಗೆ ಕೋಣೆ ಹೆಂಗಸರದು. ಅಲ್ಲಿ ಅವರ ಹೆಂಡತಿ ಸೌದಾ ಹೇಳಿದ್ದೇ ಮಾತು. ಒಳಗಿನಿಂದ ಆಸ್ಯಾಳ ನರಳಾಟ ಕೇಳುತ್ತಿತ್ತು.

ಮಾಮ ಬಾಗಿಲ ಬಳಿಗೆ ಹೋದರು. ಹಳೆಯ ಸೀರೆಯ ಪರದೆ ಇಳಿಬಿಟ್ಟಿತ್ತು. ಹೇಳಬೇಕಾದದ್ದು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎರಡು ವರ್ಷದಿಂದ ಹೇಳಲು ಕಾದಿದ್ದ ಮಾತು: ಇದು ಸಂತನಲ್ಲ, ರಾಜ, ಇದು ನನ್ನದು, ಕೊಡಿ. ಈಗ ಹೇಳಿದರೆ ಸೌದಾ ನಂಬುತ್ತಿದ್ದರೇ? ತೆರೆಸಾ ಮಾಮಿ ಹೇಳುವ ಪ್ರಕಾರ ಖಂಡಿತ ನಂಬುತ್ತಿರಲಿಲ್ಲ. ಮೆಡಲು ವಾಪಸ್ ಒಯ್ಯಲು ಬಂದವನ ನೆವ ಅಂದುಕೊಂಡು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಮಾಮನಿಗೂ ಅದು ಹೊಳೆಯಿತು. ಬೂಟು ಜೋಡಿಸಿ ನೆಟ್ಟಗೆ ನಿಂತು, ಪರೇಡಿನ ಸ್ವರದಲ್ಲಿ ಶುರುಮಾಡಿದರು.

“ಉಮ್ಮಾ, ನಾನು ಬೆಳ್ಮಣ್ಣಿನ ಬಾಯಮ್ಮನ ಮಗ. ಮೆಡಲ್ ನಮ್ಮ ಮನೆಯದ್ದು. ಅದನ್ನು ಹೀಗೆ ಮಲಗಿಸಿ ಇಟ್ಟರೆ ಆಗುವುದಿಲ್ಲ.”

“ಎಂತ ಆಗುವುದಿಲ್ಲ ಪೊರ್ಬುಗಳೇ?” ಕ್ರಿಸ್ತುವರನ್ನು ಕರೆಯುವ ಗೌರವದ ಮಾತಿನಲ್ಲೇ ಒಳಗಿನಿಂದ ಸೌದಾ ಕೇಳಿದರು. “ಇಷ್ಟು ಜನರಿಗೆ ಹಾಗೇ ಆಗಿಲ್ವಾ?”

“ಸಣ್ಣ ಕೆಲಸ ಕೂತಲ್ಲೇ ಆಗುತ್ತದೆ. ಇದು ದೊಡ್ಡ ಕೆಲಸ. ಈ ಸಂತ ಯಾರು ಗೊತ್ತುಂಟಾ? ದಂಡಿನವರು. ನನ್ನ ಹಾಗೆ. ಕುದುರೆ ಮೇಲೆ ಹೋಗಿ ಸರ್ಪವನ್ನು ಕೊಂದವರು. ಅವರಿಗೆ ಕುದುರೆ ಓಡಬೇಕು. ಓಡುವ ಗಾಡಿಯಲ್ಲಿ ಹಿಡಿದುಕೊಂಡರೆ ಮಾತ್ರ ಬಲ ಬರುವುದು.”

“ಕುದುರೆಗೆ ಎಲ್ಲಿಗೆ ಹೋಗುವುದು?”

“ಹೊರಗೆ ಲಾರಿ ಉಂಟಲ್ಲ ಉಮ್ಮಾ.”

ಒಳಗೆ ಗುಸುಗುಸು. ತೆರೆಸಾ ಮಾಮಿ ನಗು ತಡೆಯಲಾರದೆ ಬಾವಿಯ ಕಡೆ ತಿರುಗಿ ನಿಂತರಂತೆ. ಆದರೆ ಮತ್ತೆ ತಿರುಗಿ ಮಾಮನ ಮುಖ ನೋಡಿದಾಗ ನಗು ನಿಂತುಹೋಯಿತು. ಆ ಮನುಷ್ಯನ ಕಣ್ಣು ಒದ್ದೆಯಾಗಿತ್ತು. ಒಂದು ಬಿಲ್ಲೆ ತನ್ನದೆಂದು ಹೇಳಿಕೊಳ್ಳಲು ಇಸ್ತ್ರಿ ಹಾಕಿ ಬಂದವನು, ಅದೇ ಖಾಕಿಯಲ್ಲಿ, ಅದೇ ಮೆಡಲುಗಳ ಸಾಕ್ಷಿಯಲ್ಲಿ, ಅದು ಸಂತನದೇ ಎಂದು ತನ್ನ ಬಾಯಿಂದಲೇ ಮುದ್ರೆ ಒತ್ತಿಬಿಟ್ಟಿದ್ದ. ಇನ್ನು ಊರಿನಲ್ಲಿ ಯಾರಿಗೆ ಏನು ಹೇಳಿದರೂ ನಡೆಯುವುದಿಲ್ಲ.

“ಪೂರ್ತಿ ಓಡಬೇಕಾ? ಎಲ್ಲಿಯವರೆಗೆ?” ಸೌದಾರ ಪ್ರಶ್ನೆ ಬಂತು.

“ಉಡುಪಿ ಆಸ್ಪತ್ರೆಯವರೆಗೆ,” ಅಂದರು ಮಾಮ. “ಅದಕ್ಕಿಂತ ಮೊದಲು ನಿಲ್ಲಿಸಬಾರದು.”

ಪರದೆ ಸರಿಯಿತು. ಮೀನಿನ ಲಾರಿಯಲ್ಲಿ ಚಾಪೆ ಹಾಸಿ, ಹಾಸಿಗೆ ಹಾಕಿ ಆಸ್ಯಾಳನ್ನು ಮಲಗಿಸಿದರು. ಒಂದು ಬದಿಯಲ್ಲಿ ಸೌದಾ, ಇನ್ನೊಂದು ಬದಿಯಲ್ಲಿ ತೆರೆಸಾ. ಆಸ್ಯಾಳ ಮುಷ್ಟಿಯೊಳಗೆ ಮೆಡಲು. ಮುಂದೆ ಡ್ರೈವರನ ಪಕ್ಕ ಶೇಕಬ್ಬರು. ಅಲ್ಲಿ ಜಾಗವಿಲ್ಲದೆ ಮಾಮ ಹಿಂದುಗಡೆ ಹಲಗೆ ಹಿಡಿದು ನಿಂತರು. ಲಾರಿ ಒಂದು ಮೈಲಿ ಹೋಗುವಷ್ಟರಲ್ಲಿ ಅವರ ಖಾಕಿಯಲ್ಲಿ ಬಂಗುಡೆಯ ನೀರು ಸೇರದ ಜಾಗವೇ ಉಳಿದಿರಲಿಲ್ಲ.

ದಾರಿಗೆ ಅಡ್ಡ ಒಂದು ಹೊಳೆ. ಆ ಕಾಲದಲ್ಲಿ ಗಾಡಿಗಳನ್ನು ದಾಟಿಸಲು ಜೋಡಿ ದೋಣಿಗೆ ಹಲಗೆ ಬಿಗಿದ ಜಂಗಲ್ ಇರುತ್ತಿತ್ತು. ಕಟ್ಟೆಯಲ್ಲಿ ಬಸ್ಸು, ಕಾರು, ಎತ್ತಿನಗಾಡಿ ಸಾಲುಗಟ್ಟಿ ನಿಂತಿದ್ದವು. ಮಾಮ ಲಾರಿಯಿಂದ ಜಿಗಿದು ಸಾಲಿನ ತುದಿಗೆ ಓಡಿದರು. ಅವರಿಗೆ ಸಿಟ್ಟು ಬಂದರೆ ಕೊಂಕಣಿ, ತುಳು, ಕನ್ನಡ ಮೂರೂ ಮರೆತು ದಂಡಿನ ಹಿಂದೂಸ್ತಾನಿ ಬರುತ್ತಿತ್ತು. “ಹಟೋ! ಸಬ್ ಪೀಛೆ ಹಟೋ!” ಹೊಳೆಯ ಕಟ್ಟೆಯಲ್ಲಿ ಯಾರಿಗೂ ಆ ಭಾಷೆ ಬಾರದು. ಆದರೆ ಎದೆಯಲ್ಲಿ ಐದು ಮೆಡಲು ಝಣಝಣ ಎನ್ನುವ, ಮೀನು ನಾರುವ, ಕೆಂಡದಂಥ ಮುಖದ ಒಬ್ಬನು ಕೂಗಿದರೆ ಅರ್ಥ ಬೇಕೇ? ಬಸ್ಸಿನವನು ಹಿಂದಕ್ಕೆ ತೆಗೆದ. ಎತ್ತುಗಳು ತಾವಾಗಿಯೇ ಸರಿದವು. ಲಾರಿ ಜಂಗಲ್ ಹತ್ತಿತು. ಅಂಬಿಗರ ಜೊತೆ ಮಾಮನೂ ಒಂದು ಜಲ್ಲೆ ಹಿಡಿದು ಒತ್ತಿದರು. ಅಷ್ಟು ಚುರುಕಾಗಿ ಆ ಹೊಳೆಯನ್ನು ಅದುವರೆಗೆ ಯಾರೂ ದಾಟಿರಲಿಲ್ಲ ಎಂದು ತೆರೆಸಾ ಮಾಮಿಯ ವಾದ.

ಉಡುಪಿಯಲ್ಲಿ ಕೂಟದ ಮೈದಾನದ ಹತ್ತಿರವೇ ಲಾರಿ ಹಾದುಹೋಯಿತು. ಬ್ಯಾಂಡು ಕೇಳಿಸುತ್ತಿತ್ತು. ಮಾಮ ಆ ಕಡೆ ತಿರುಗಿ ನೋಡಲಿಲ್ಲವಂತೆ. ನಾನು ಒಮ್ಮೆ ಈ ಬಗ್ಗೆ ಕೇಳಿದ್ದಕ್ಕೆ, “ನೋಡಿದೆ ಮಗಾ, ನೋಡದೆ ಇರಲು ನಾನು ಎಂತ ಸಂತನಾ?” ಅಂದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಒಂದು ನೋಟ ನೋಡಿದವರೇ ಒಳಗೆ ಒಯ್ಯಲು ಹೇಳಿದರು. ಬಾಗಿಲು ಮುಚ್ಚಿತು. ಹೊರಗೆ ಜಗಲಿಯಲ್ಲಿ ಶೇಕಬ್ಬರು, ಸೌದಾ, ಮಾಮ. ಸೌದಾರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಮಾಮನಿಗೆ ಇಟಲಿಯಲ್ಲಿಯೂ ಇಷ್ಟು ಹೆದರಿಕೆ ಆಗಿರಲಿಲ್ಲ. ಅಲ್ಲಿ ಕೈಗೆ ಕೆಲಸ ಇತ್ತು, ಇಲ್ಲಿ ಸುಮ್ಮನೆ ಕೂತಿರಬೇಕು. ಬಿಸಿಲು ಜಗಲಿಯಿಂದ ಇಳಿದು ಅಂಗಳಕ್ಕೆ ಹೋಯಿತು. ಕೊನೆಗೊಮ್ಮೆ ಒಳಗಿನಿಂದ ಮಗು ಅತ್ತದ್ದು ಕೇಳಿಸಿತು. ಶೇಕಬ್ಬರು ಎದ್ದು ನಿಂತರು, ಮತ್ತೆ ಕುಳಿತರು. ಮಗುವಿನ ಸ್ವರ ಬಂತು, ಮಗಳದ್ದು?

ತೆರೆಸಾ ಹೊರಗೆ ಬಂದು, “ಹೆಣ್ಣು ಮಗು. ಇಬ್ಬರೂ ಇದ್ದಾರೆ,” ಅಂದರು. ಆಸ್ಯಾಳಿಗೆ ಎಚ್ಚರ ಬಂದಿದೆ, ಆದರೆ ಬಹಳ ಹೊತ್ತು ಬದುಕೋ ಸಾವೋ ಎಂದು ಹೇಳುವ ಹಾಗಿರಲಿಲ್ಲ. ಸೌದಾ ನೆಲಕ್ಕೆ ಹಣೆ ಹಚ್ಚಿದರು. ಶೇಕಬ್ಬರು ಮುಂಡಾಸಿನಲ್ಲಿ ಮುಖ ಮುಚ್ಚಿಕೊಂಡು ಮಗುವಿನಂತೆ ಅತ್ತರು.

ತೆರೆಸಾರ ಕೈಯಲ್ಲಿ ಮೆಡಲಿತ್ತು. ಒಳಗೆ ಒಯ್ಯುವ ಮೊದಲು ಆಸ್ಯಾಳ ಮುಷ್ಟಿ ಬಿಡಿಸಿ ತೆಗೆದದ್ದು. ಆರು ವರ್ಷದ ಎಣ್ಣೆ, ಮೇಣ, ಕುಂಕುಮ ಎಲ್ಲ ಮೆತ್ತಿಕೊಂಡು ಕಪ್ಪಾಗಿತ್ತು. ವಾಪಸ್ ಕೊಡುವುದಾದರೆ ಶುಚಿ ಮಾಡಿ ಕೊಡುವ ಎಂದು ಸ್ಪಿರಿಟ್ಟಿನ ಹತ್ತಿಯಿಂದ ಉಜ್ಜುತ್ತಿದ್ದಾಗ ಅಂಚಿನಲ್ಲಿ ಏನೋ ಕಂಡಿತ್ತು. ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು. ಒಂದು ನಂಬರು. ಆಮೇಲೆ ದಂಡಿನ ಹುದ್ದೆ, ಹೆಸರು, ಪಡೆ: “ನಾಯಕ್. ಎಫ್. ಕಸ್ತೆಲಿನೊ. ಸ್ಯಾಪರ್ಸ್ ಆಂಡ್ ಮೈನರ್ಸ್.”

“ಅದು ಸಂತನ ಹೆಸರಾ?” ಸೌದಾ ಕೇಳಿದರು.

“ಅಲ್ಲ ಉಮ್ಮಾ,” ಅಂದರು ತೆರೆಸಾ. “ಇವರದ್ದು.”

ಮೂವರೂ ಮಾಮನ ಕಡೆ ತಿರುಗಿದರು. ಮಾಮ ಮೀನಿನ ವಾಸನೆಯ ಖಾಕಿಯಲ್ಲಿ ಎಂತ ಮಾಡಬೇಕೆಂದು ತಿಳಿಯದೆ ಎದ್ದು ನಿಂತರು. ತಾನು ಹೇಳಿದ ಸುಳ್ಳು ಈಗ ಬಯಲಾಯಿತು, ಬೈಗುಳ ಬರುತ್ತದೆ ಎಂದೇ ಅಂದುಕೊಂಡಿದ್ದರು. ಶೇಕಬ್ಬರು ಕಣ್ಣೊರೆಸಿಕೊಂಡು ಮೆಡಲನ್ನು ತೆಗೆದುಕೊಂಡು, ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಓದು ಬಾರದ ಮನುಷ್ಯ. ಆಮೇಲೆ ಕೇಳಿದರು: “ನಿಮಗೆ ಇದನ್ನು ಎಂತ ಮಾಡಿದ್ದಕ್ಕೆ ಕೊಟ್ಟದ್ದು ಪೊರ್ಬುಗಳೇ?”

ಕನ್ನಡಿಗೆ ಅಷ್ಟು ಸಲ ಹೇಳಿದ್ದ ಉತ್ತರದ ಒಂದು ಶಬ್ದವೂ ನಾಲಗೆಗೆ ಬರಲಿಲ್ಲ. ಮರಳು, ಸೇತುವೆ, ಸಿಡಿಗುಂಡು, ಎಲ್ಲ ಎಲ್ಲಿಗೋ ಹೋಯಿತು.

“ದೊಡ್ಡದು ಎಂತ ಇಲ್ಲ ಶೇಕಬ್ಬ. ಯುದ್ಧಕ್ಕೆ ಹೋದವರಿಗೆಲ್ಲ ಕೊಟ್ಟಿದ್ದಾರೆ,” ಅಂದರು ಮಾಮ. “ಸತ್ತವರದ್ದು ಅವರ ಮನೆಗೆ ಹೋಯಿತು. ನಾನು ತಿರುಗಿ ಬಂದೆ. ಅಷ್ಟೇ.”

ಶೇಕಬ್ಬರು ಮಗಳು ಮಲಗಿದ್ದ ಕೋಣೆಯ ಬಾಗಿಲ ಕಡೆ ನೋಡಿದರು.

“ಹಾಗಾದರೆ ಇವಳಿಗೂ ಒಂದು ಸಿಗಬೇಕಲ್ವಾ ಮಾರಾಯರೇ?” ಅಂದರು. “ಇವಳೂ ಹೋಗಿ ತಿರುಗಿ ಬಂದಳು.”

ಹೇಳಿ ಮೆಡಲನ್ನು ಮಾಮನ ಕೈಗೆ ವಾಪಸ್ ಕೊಟ್ಟರು. ಮಾಮ ಅದನ್ನು ಹಿಡಿದುಕೊಂಡು ನಿಂತರು. ಎದೆಯಲ್ಲಿ ಅದಕ್ಕೆಂದು ಬಿಟ್ಟ ಜಾಗ ಹಾಗೆಯೇ ಇತ್ತು. ಆಮೇಲೆ ತೆರೆಸಾರನ್ನು ಕೇಳಿ ಒಳಗೆ ಹೋದರು. ಆಸ್ಯಾ ಕಣ್ಣು ಅರ್ಧ ತೆರೆದು ಮಲಗಿದ್ದಳು, ಮುಖದಲ್ಲಿ ರಕ್ತವೇ ಇರಲಿಲ್ಲ. ಮಾಮ ಮೆಡಲನ್ನು ಅವಳ ದಿಂಬಿನ ಬಳಿ ಇಟ್ಟರು. ಎರಡು ಹೆಜ್ಜೆ ಹಿಂದೆ ಸರಿದು, ಹಿಮ್ಮಡಿ ಕೂಡಿಸಿ, ಕರ್ನಲ್ಲಿಗೆಂದು ಕಾದಿರಿಸಿದ್ದ ಸೆಲ್ಯೂಟನ್ನು ಅವಳಿಗೆ ಹೊಡೆದರು. ತನಗೆ ಮದುವೆಯಾಗುವ ಮನಸ್ಸು ಬಂದದ್ದು ಆಗಲೇ ಎಂದು ತೆರೆಸಾ ಮಾಮಿ ನಾಚಿಕೆಯಿಲ್ಲದೆ ಹೇಳುತ್ತಾರೆ.

ಮನೆಗೆ ಬಂದ ಮಗನಿಂದ ಅಜ್ಜಿ ಮೊದಲು ಮೂಗು ಮುಚ್ಚಿಕೊಂಡು ದೂರ ನಿಂತರು. ಆಮೇಲೆ ಮೆಡಲೆಲ್ಲಿ ಎಂದರು. “ಸಂತರು ಹೆಜಮಾಡಿಯಲ್ಲಿ ಉಳಿದರು ಮಾಯ್, ಅಲ್ಲಿ ಒಬ್ಬಳು ಬಿಡುವುದೇ ಇಲ್ಲ,” ಎಂದರು ಮಾಮ. ಅಜ್ಜಿ ಒಂದು ವಾರ ಮುಖ ಊದಿಸಿಕೊಂಡಿದ್ದು, ಎಂಟನೆಯ ದಿನ ತಾನೇ ದೊಡ್ಡ ಮನಸ್ಸು ಮಾಡಿ ಕಡಲ ಬದಿಯವರಿಗೆ ದಾನ ಕೊಟ್ಟೆನೆಂದು ಊರಿಗೆಲ್ಲ ಸಾರಿದರು. ಸಾಯುವವರೆಗೂ ಅವರ ಗೌರವಕ್ಕೆ ಎಳ್ಳಷ್ಟೂ ಕುಂದು ಬರಲಿಲ್ಲ. ಹೆಜಮಾಡಿಯಲ್ಲಿ ಆಸ್ಯಾ ಮೆಡಲನ್ನು ಕೇಳಿದವರಿಗೆ ಕೊಡುತ್ತಾಳೆ ಎಂದು ಸುದ್ದಿ ಬರುತ್ತಿತ್ತು. ಆದರೆ ಒಂದು ಷರತ್ತು, ಆಸ್ಪತ್ರೆಗೆ ಹೊರಟ ಗಾಡಿಯೊಳಗೆ ಮಾತ್ರ.

ಮಾಮ ಎರಡು ವರ್ಷ ಕಳೆದು ಮುಂದಿನ ಕೂಟಕ್ಕೆ ಹೋದರು, ಮಾಮಿಯನ್ನು ಕರೆದುಕೊಂಡು. ಕರ್ನಲ್ಲು ಸಾಲಿನಲ್ಲಿ ಬಂದವರು ಮಾಮನ ಮುಂದೆ ನಿಂತು, ಗುರುತು ಹಿಡಿದು, ಕೈಕುಲುಕಿದರು. ಮತ್ತೆ ಎದೆಯ ಕಡೆ ನೋಡಿ ಹುಬ್ಬು ಗಂಟಿಕ್ಕಿದರು.

“ಕಸ್ತೆಲಿನೊ, ವಾರ್ ಮೆಡಲ್ ಎಲ್ಲಿ?”

“ಹೆಜಮಾಡಿಯಲ್ಲಿ ನಮ್ಮವರೊಬ್ಬರ ಹತ್ತಿರ ಉಂಟು ಸರ್.”

“ಇಟಲಿಯಲ್ಲಿದ್ದವರಾ?”

“ಇಲ್ಲ ಸರ್,” ಅಂದರು ಮಾಮ. “ಅವರದ್ದು ಬೇರೆ ಯುದ್ಧ. ನಾನು ಬರೀ ಲಾರಿಯ ಹಿಂದೆ ನಿಂತಿದ್ದೆ.”